ಮಳೆಗಾಲಕ್ಕೆ ಕುಡಿಯುವ ನೀರು ತೆಗೆದಿಡುವುದು: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬದಿಯಡ್ಕ, ಕುಂಬಳೆ, ಮಂಜೇಶ್ವರ, ಮುಳ್ಳೇರಿಯ ಕಡೆ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಸಭೆಗಳಲ್ಲಿ, ಶಾಲೆಗಳಲ್ಲಿ ನೀರಿನ ವಿಷಯ ಮಾತಾಡಲು ಹೋಗುತ್ತಿರುತ್ತೇನೆ. ಮಾತು ಮುಗಿದ ಮೇಲೆ ಚಹಾ ಕುಡಿಯುವಾಗ ಕೇಳುವ ಪ್ರಶ್ನೆಗಳೇ ನಿಜವಾದ ಪ್ರಶ್ನೆಗಳು. ಆಮೇಲೆ ಫೋನಿನಲ್ಲಿ, ಪತ್ರದಲ್ಲಿ ಕೂಡ ಅವೇ ಬರುತ್ತವೆ. ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲು ಗೊತ್ತಿರಬೇಕಾದ್ದು

ಬಾವಿಯಲ್ಲಿ ನೀರು ಉಂಟು, ಸುರಂಗದಲ್ಲೂ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಗುಹೆ) ಬರ್ತದೆ. ಮತ್ತೆ ನೀರು ತುಂಬಿಸಿ ಇಡುವುದು ಯಾಕೆ?

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತಿಗೆ) ಒಂದು ಹಲಸಿನ ಮರ ಕರೆಂಟ್ ಲೈನಿನ ಮೇಲೆ ಬಿತ್ತು. ಮೂರು ದಿನ ಪಂಪ್ ಇಲ್ಲ. ಬಾವಿಗೆ ಬಗ್ಗಿ ನೋಡಿದರೆ ಹತ್ತೇ ಅಡಿ ಕೆಳಗೆ ನೀರು. ಆದರೆ ಸೇದುವುದು ಹೇಗೆ? ರಾಟೆಯನ್ನು ಪಂಪ್ ಬಂದ ವರ್ಷವೇ ಬಿಚ್ಚಿದ್ದೆವು. ಅಟ್ಟದಲ್ಲಿದ್ದ ಹಗ್ಗವನ್ನು ಇಲಿ ತಿಂದಿತ್ತು. ಬಟ್ಟೆ ಒಣಗಿಸುವ ಹಗ್ಗಕ್ಕೆ ಪ್ಲಾಸ್ಟಿಕ್ ಬಕೆಟ್ ಕಟ್ಟಿ ಇಳಿಸಿದೆವು. ಎರಡನೇ ಸಲಕ್ಕೇ ಹಿಡಿ ಕಿತ್ತು ಬಂತು, ಬಕೆಟ್ ಬಾವಿಯ ಪಾಲಾಯಿತು.

ನಮ್ಮ ಕಡೆ ನೀರಿನ ಕಷ್ಟ ವರ್ಷಕ್ಕೆ ಎರಡು ಸಲ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರೇ ಇರುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಎಲ್ಲಿ ನೋಡಿದರೂ ನೀರು, ಆದರೆ ಕುಡಿಯಲಿಕ್ಕೆ ಆಗುವುದಿಲ್ಲ. ಮೊದಲನೆಯದಕ್ಕೆ ಎಲ್ಲರೂ ತಯಾರಿರುತ್ತಾರೆ. ಎರಡನೆಯದಕ್ಕೆ ಯಾರೂ ಇಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲ ಮಳೆನೀರನ್ನು ಬೇಗ ಒಳಗೆ ಬಿಡುತ್ತದೆ. ದನದ ಹಟ್ಟಿಯ ಕೊಳೆ, ಶೌಚದ ಗುಂಡಿಯ ಕೊಳೆ ಎಲ್ಲ ಅದರ ಜೊತೆಗೇ ಇಳಿದು ಬಾವಿಗೆ ಸೇರಬಹುದು. ಸುರಂಗದ ನೀರಿಗೆ ಕರೆಂಟ್ ಬೇಡ, ಅದೊಂದು ದೊಡ್ಡ ಅನುಕೂಲ. ಆದರೆ ಸುರಂಗದೊಳಗೆ ಬಾವಲಿಗಳು ಇರುತ್ತವೆ, ಜೋರು ಮಳೆಗೆ ಮಣ್ಣೂ ಕುಸಿಯುತ್ತದೆ. ಹಾಗಾಗಿ ಮೂರು ದಿನಕ್ಕಾಗುವಷ್ಟು ಒಳ್ಳೆಯ ನೀರು ಮನೆಯೊಳಗೇ ಇರಲಿ. ಗಟ್ಟಿ ನೈಲಾನ್ ಹಗ್ಗ ಮತ್ತು ಕಬ್ಬಿಣದ ಹಿಡಿಯ ಬಕೆಟ್ ಕೂಡ ಇರಲಿ.

ಒಬ್ಬರಿಗೆ ಎಷ್ಟು ಲೀಟರ್ ಲೆಕ್ಕ ಹಾಕಬೇಕು?

ದಿನಕ್ಕೆ 4 ಲೀಟರ್. ಸುಮಾರು ಅರ್ಧ ಕುಡಿಯಲಿಕ್ಕೆ, ಉಳಿದದ್ದು ಅಡುಗೆಗೆ, ಬಾಯಿ ಮುಕ್ಕಳಿಸಲಿಕ್ಕೆ, ಕೈ ತೊಳೆಯಲಿಕ್ಕೆ. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 48 ಲೀಟರ್ ಆಯಿತು. 20 ಲೀಟರಿನ ಎರಡು ಕ್ಯಾನ್, ಮೇಲೆ ನಾಲ್ಕು ದೊಡ್ಡ ಬಾಟಲಿ. ಗುಡ್ಡದ ಬದಿಯವರು, ಒಂದೇ ಸಂಕ (ಕಾಲುಸೇತುವೆ) ದಾಟಿ ಹೋಗಬೇಕಾದವರು ಒಂದು ವಾರಕ್ಕೆ ಇಟ್ಟುಕೊಳ್ಳಿ. ಅದು 112 ಲೀಟರ್.

ಇದರಲ್ಲಿ ಸ್ನಾನ, ಪಾತ್ರೆ, ಬಟ್ಟೆ ಸೇರಿಲ್ಲ. ಮಳೆಗಾಲದಲ್ಲಿ ಅದಕ್ಕೆ ಮಾಡಿನ (ಮನೆಯ ಸೂರಿನ) ನೀರು ಸಾಕು. ಬಾಣಂತಿ, ಎದೆಹಾಲು ಕುಡಿಸುವವರು, ಜ್ವರ ಬಂದವರು ಇದ್ದರೆ ಲೆಕ್ಕ ಜಾಸ್ತಿ ಮಾಡಿ. ಇನ್ನೊಂದು ವಿಷಯ: ಕುಚ್ಚಲಕ್ಕಿ ಬೇಯಲು ನೀರೂ ಬೇಕು, ಗ್ಯಾಸೂ ಬೇಕು. ಆ ಮೂರು ದಿನಕ್ಕೆ ಅವಲಕ್ಕಿ, ಬೆಳ್ತಿಗೆ ಅಕ್ಕಿ ಇಟ್ಟುಕೊಂಡರೆ ಎರಡೂ ಉಳಿಯುತ್ತದೆ. ಗಂಜಿಯೇ ಬೇಕು ಅನ್ನುವವರು ತೆಳಿಯನ್ನು ಚೆಲ್ಲದೆ ಕುಡಿಯಿರಿ.

ಮನೆ ಬಿಟ್ಟು ಓಡುವಾಗ ಇಷ್ಟೆಲ್ಲ ಹೊತ್ತುಕೊಂಡು ಹೋಗ್ಲಿಕ್ಕೆ ಆಗ್ತದಾ?

ಆಗುವುದಿಲ್ಲ. ಒಂದು ಲೀಟರ್ ಅಂದರೆ ಒಂದು ಕಿಲೋ. ಮನೆಯಲ್ಲಿ ಇಡುವ ನೀರು ಬೇರೆ, ಬ್ಯಾಗಿನ ನೀರು ಬೇರೆ. ಬ್ಯಾಗಿನಲ್ಲಿ ತಲೆಗೊಂದು ಲೀಟರ್ ಬಾಟಲಿ, ಕ್ಲೋರಿನ್ ಮಾತ್ರೆಯ ಒಂದು ಪಟ್ಟಿ, ಒಂದು ಹಳೆಯ ಹತ್ತಿ ಬಟ್ಟೆ, ಎರಡು ಪ್ಯಾಕೆಟ್ ಒಆರ್‌ಎಸ್ ಇದ್ದರೆ ಸಾಕು. ಶಾಲೆಯಲ್ಲಿ ಕ್ಯಾಂಪ್ ಮಾಡಿದರೆ ಅಲ್ಲಿ ನೀರು ಕೊಡುತ್ತಾರೆ. ಮನೆಯಿಂದ ಅಲ್ಲಿಗೆ ತಲುಪಿ ಮೊದಲ ಕೆಲವು ಗಂಟೆ ಕಳೆಯುವುದಕ್ಕೆ ಈ ಬ್ಯಾಗ್. ಅಜ್ಜ ಅಜ್ಜಿಯ ಬ್ಯಾಗಿಗೆ ಅರ್ಧ ಲೀಟರಿನ ಬಾಟಲಿಗಳನ್ನೇ ಹಾಕಿ, ಮುಚ್ಚಳ ತೆಗೆಯಲು ಅವರಿಗೆ ಆಗುತ್ತದಾ ನೋಡಿ.

## ಕ್ಯಾನ್, ಕೊಡಪಾನ, ಡ್ರಮ್

ತೋಟದಲ್ಲಿ ಡ್ರಮ್ ಉಂಟು. ಸೋಪ್ ಹಾಕಿ ನಾಲ್ಕು ಸಲ ತೊಳೆದರೆ ಆಗುದಿಲ್ವಾ?

ದಯವಿಟ್ಟು ಬೇಡ. ಇದೊಂದು ಉತ್ತರವನ್ನು ಎಲ್ಲರೂ ಓದಬೇಕು ಅಂತ ನನ್ನ ಆಸೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸುವ ಡ್ರಮ್ ಪ್ರತಿ ತೋಟದಲ್ಲೂ ಇದೆ. ಒಳಗಿನ ನೀಲಿ ಕಲೆ ಹೋದರೂ ಪ್ಲಾಸ್ಟಿಕ್ ಹೀರಿಕೊಂಡದ್ದು ಹೋಗುವುದಿಲ್ಲ. ಅದೇ ಡ್ರಮ್ಮಿನಲ್ಲಿ ಬೇರೆ ವರ್ಷ ಬೇರೆ ಔಷಧಿಯನ್ನೂ ಕಲಸಿರುತ್ತಾರೆ, ಏನು ಅಂತ ಯಾರಿಗೂ ನೆನಪಿರುವುದಿಲ್ಲ.

ಇದಕ್ಕಿಂತ ಮೋಸ ಮಾಡುವುದು ರಬ್ಬರ್ ಮಾಡುವವರ ಮನೆಯ ಆಸಿಡ್ ಕ್ಯಾನ್. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಗಟ್ಟಿಮುಟ್ಟಾದ ಕ್ಯಾನಿನಲ್ಲಿ ಬರುತ್ತದೆ. ಗಟ್ಟಿ ಹಿಡಿ, ಬಿಗಿ ಮುಚ್ಚಳ, ನೋಡಿದರೆ ನೀರಿಗೇ ಮಾಡಿಸಿದ ಹಾಗೆ ಇರುತ್ತದೆ. ಒಂದು ಮನೆಯಲ್ಲಿ ಅಕ್ಕ ಒಬ್ಬರು ಅಂಥ ಕ್ಯಾನ್ ತೊಳೆದು, ಬಿಸಿಲಿಗಿಟ್ಟು, ನೀರು ತುಂಬಿಸಿಟ್ಟಿದ್ದರು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ತಿಂಗಳಾದ ಮೇಲೂ ಹುಳಿ ವಾಸನೆ ಮೂಗಿಗೆ ಚುಚ್ಚಿತು. ಅದನ್ನು ತೋಟದ ಕೆಲಸಕ್ಕೇ ಬಿಡಿ.

ಕುಡಿಯುವ ನೀರಿಗೆ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಬೇಕು. ಕ್ಯಾನಿನ ತಳದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದೆ. ನೀರಿನ ಬಾಟಲಿಗೆ 1, ದಪ್ಪ ಕ್ಯಾನಿಗೆ 2 ಇರುವುದು ಸಾಮಾನ್ಯ. ಅಂಕಿ ಇದ್ದ ಮಾತ್ರಕ್ಕೆ ಸಾಲದು, ಮೊದಲು ಅದರಲ್ಲಿ ಏನಿತ್ತು ಅನ್ನುವುದು ಮುಖ್ಯ. ಹಾಲು ಇಟ್ಟ ಪ್ಲಾಸ್ಟಿಕ್ ಕ್ಯಾನೂ ಬೇಡ, ಹಾಲಿನ ಅಂಶ ಪೂರ್ತಿ ಹೋಗದೆ ಅದರಲ್ಲಿ ರೋಗಾಣು ಬೆಳೆಯುತ್ತದೆ. ಬಾಯಿ ಸಣ್ಣದಿರಲಿ, ನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಬಾಯಿ ದೊಡ್ಡದಿದ್ದರೆ ಯಾರಾದರೂ ಲೋಟ ಸಮೇತ ಕೈ ಅದ್ದಿಯೇ ಅದ್ದುತ್ತಾರೆ. ಅಂಥ ಪಾತ್ರೆಗೆ ಉದ್ದ ಹಿಡಿಯ ಸೌಟು ಒಂದನ್ನು ಬೇರೆಯೇ ಇಡಿ.

ಹೊಸ ಕ್ಯಾನಿಗೆ ಸುಮ್ನೆ ನೀರು ತುಂಬಿಸಿದರೆ ಸಾಕಾ?

ಸಾಲದು. ಸೋಪಿನಿಂದ ತೊಳೆದು ಜಾಲಾಡಿಸಿ. ಒಂದು ಲೀಟರ್ ನೀರಿಗೆ ಒಂದು ಚಮಚ, ಅಂದರೆ 5 ಮಿ.ಲೀ., ಸುವಾಸನೆ ಇಲ್ಲದ ಬ್ಲೀಚ್ ದ್ರಾವಣ ಬೆರೆಸಿ ಕ್ಯಾನಿಗೆ ಹಾಕಿ, ಎಲ್ಲ ಮೂಲೆಗೂ ತಾಗುವ ಹಾಗೆ ಅರ್ಧ ನಿಮಿಷ ಕುಲುಕಿ. ಚೆಲ್ಲಿ, ಬೋರಲು ಹಾಕಿ ಒಣಗಲು ಬಿಡಿ. ಮುಚ್ಚಳವನ್ನು ಮರೆಯಬೇಡಿ.

ತಾಮ್ರದ ಕೊಡಪಾನದಲ್ಲಿಟ್ಟ ನೀರು ಕೆಡುವುದೇ ಇಲ್ಲ ಅಂತ ಅಜ್ಜಿ ಹೇಳ್ತಿದ್ದರು. ಹೌದಾ?

ಅಜ್ಜಿ ಹೇಳಿದ್ದರಲ್ಲಿ ಹುರುಳಿದೆ. ತಾಮ್ರದ ಪಾತ್ರೆಯಲ್ಲಿ ಒಂದು ರಾತ್ರಿ ನೀರು ಇಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ ಪಾತ್ರೆಯ ಒಳಗೆ ಫಳಫಳ ಇರಬೇಕು, ನೀರು ತಿಳಿಯಾಗಿರಬೇಕು. ನೆರೆಯ ಕೆಂಪು ನೀರಿಗೆ ಇದನ್ನೇ ನಂಬಿ ಕೂರಬೇಡಿ. ಶುದ್ಧ ಮಾಡಿದ ನೀರನ್ನು ದಿನದ ಬಳಕೆಗೆ ಹಾಕಿಡಲು ಕೊಡಪಾನ ಚೆಂದ. ತಿಂಗಳುಗಟ್ಟಲೆ ಇಡುವುದಕ್ಕೆ ಅಲ್ಲ.

ತುಂಬಿಸಿಟ್ಟ ನೀರನ್ನು ಯಾವಾಗ ಬದಲಿಸಬೇಕು?

ಮನೆಯಲ್ಲಿ ತುಂಬಿಸಿದ್ದಾದರೆ ಆರು ತಿಂಗಳಿಗೊಮ್ಮೆ. ಕ್ಯಾಲೆಂಡರಿನಲ್ಲಿ ಬರೆದುಕೊಂಡರೆ ಮರೆತುಹೋಗುತ್ತದೆ, ಹಬ್ಬಕ್ಕೆ ಜೋಡಿಸಿದರೆ ಮರೆಯುವುದಿಲ್ಲ. ದೀಪಾವಳಿಗೆ ನೀರು ತುಂಬುವ ಹಬ್ಬ ನಮ್ಮಲ್ಲಿ ಇದ್ದೇ ಇದೆಯಲ್ಲ. ಹಂಡೆ ತಿಕ್ಕಿ, ಹೂ ಮುಡಿಸಿ, ನೀರು ತುಂಬುವ ಆ ಸಂಜೆಯೇ ಕ್ಯಾನಿನ ನೀರನ್ನೂ ಬದಲಿಸಿ. ಇನ್ನೊಂದು ಸಲ ಪತ್ತನಾಜೆಗೆ, ಮೇ 24ರ ಹೊತ್ತಿಗೆ. ಮಳೆ ಹಿಡಿಯುವ ಮೊದಲು ಹೊಸ ನೀರು ತುಂಬಿದ ಹಾಗೂ ಆಯಿತು. ಬೇಸಗೆಗೆ ಬಾವಿ ಬತ್ತುವ ಮನೆಯಾದರೆ ಆ ಸಲದ್ದನ್ನು ಮಾರ್ಚಿನಲ್ಲೇ ಮಾಡಿ. ಹಳೆಯ ನೀರನ್ನು ಚೆಲ್ಲಬೇಡಿ, ಪಾತ್ರೆ ತೊಳೆಯಲು, ಬಸಳೆಯ ಬುಡಕ್ಕೆ ಆಗುತ್ತದೆ.

ಕ್ಯಾನ್ ನೆರಳಿನಲ್ಲಿ, ತಂಪಿನಲ್ಲಿ ಇರಲಿ. ಪೆಟ್ರೋಲ್, ಸೀಮೆಎಣ್ಣೆ, ಕೀಟನಾಶಕದ ಹತ್ತಿರ ಬೇಡ, ಅವುಗಳ ಆವಿ ಪ್ಲಾಸ್ಟಿಕ್ ದಾಟಿ ಒಳಗೆ ಹೋಗುತ್ತದೆ. ತುಂಬ ದಿನ ಇಟ್ಟ ನೀರು ಸಪ್ಪೆ ಅನ್ನಿಸಿದರೆ ಎರಡು ಪಾತ್ರೆಯ ನಡುವೆ ಚಹಾ ಆರಿಸಿದ ಹಾಗೆ ನಾಲ್ಕು ಸಲ ಹೊಯ್ಯಿರಿ.

ಅಂಗಡಿಯ ಸೀಲ್ ಬಾಟಲಿ?

ಮೇಲೆ ಬರೆದ ದಿನಾಂಕದವರೆಗೆ ಸೀಲ್ ಒಡೆಯದೆ ಇಡಿ. ಅಂಗಡಿಯ ಹೊರಗೆ ಬಿಸಿಲಿಗೆ ಪೇರಿಸಿಟ್ಟದ್ದನ್ನು ತರಬೇಡಿ.

ನೀರು ಇಟ್ಟರೆ ಸೊಳ್ಳೆ ಆಗ್ತದೆ, ಡೆಂಗಿ ಬರ್ತದೆ ಅಂತ ಆಶಾ ಕಾರ್ಯಕರ್ತೆ ಬೈತಾರಲ್ಲ?

ಅವರು ಹೇಳುವುದು ಸರಿ. ಬಿಗಿ ಮುಚ್ಚಳದ ಕ್ಯಾನಿಗೆ ಸೊಳ್ಳೆ ಹೋಗುವುದಿಲ್ಲ. ತೊಂದರೆ ಇರುವುದು ತೆರೆದ ಡ್ರಮ್, ಬಕೆಟ್, ಬಚ್ಚಲಿನ ತೊಟ್ಟಿಯಲ್ಲಿ. ಡೆಂಗಿ ಸೊಳ್ಳೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ, ತಿಕ್ಕಬೇಕು. ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ.

## ಸಿಕ್ಕಿದ ನೀರನ್ನು ಶುದ್ಧ ಮಾಡುವುದು

ನಾವು ದಿನಾ ಕುದಿಸಿದ ನೀರೇ ಕುಡಿಯುವುದು. ಅದು ಸಾಲದಾ?

ಸಾಕು, ಸರಿಯಾಗಿ ಕುದಿಸಿದರೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಬೇಕು. ನಮ್ಮ ಎತ್ತರಕ್ಕೆ ಅಷ್ಟು ಸಾಕು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಇಳಿಸುವುದು ಕುದಿಸಿದ ಹಾಗಲ್ಲ.

ಆದರೆ ನಾನು ಮನೆ ಮನೆಯಲ್ಲಿ ನೋಡುವ ತಪ್ಪು ಬೇರೆಯೇ. ಜೀರಿಗೆ ಹಾಕಿ ಚೆನ್ನಾಗಿ ಕುದಿಸುತ್ತಾರೆ. ಬಂದವರಿಗೆ ಕೊಡುವಾಗ ಬಿಸಿ ಜಾಸ್ತಿ ಆಯಿತು ಅಂತ ನಲ್ಲಿಯಿಂದ ಅರ್ಧ ಲೋಟ ತಣ್ಣೀರು ಬೆರೆಸುತ್ತಾರೆ. ಕುದಿಸಿದ ಕೆಲಸವೆಲ್ಲ ಆ ಅರ್ಧ ಲೋಟದಲ್ಲಿ ಹೋಯಿತು. ಮದುವೆ ಊಟದಲ್ಲೂ, ಹೋಟೆಲಿನಲ್ಲೂ ಇದೇ. ಪದಿಮುಖ (ಬಣ್ಣ ಬಿಡುವ ಮರದ ಚಕ್ಕೆ) ಹಾಕಿದ ನೀರು ಕೆಂಪಗಿದೆ ಅಂದ ಮಾತ್ರಕ್ಕೆ ಕುದಿದಿದೆ ಅಂತ ಅರ್ಥ ಅಲ್ಲ, ಬೆಚ್ಚಗಿನ ನೀರಿಗೂ ಬಣ್ಣ ಇಳಿಯುತ್ತದೆ. ಹಳದಿ ಕಾಮಾಲೆ, ಟೈಫಾಯ್ಡ್ ಹರಡುವುದು ಹೀಗೇ. ರಾತ್ರಿಯೇ ಕುದಿಸಿ ಮುಚ್ಚಿಟ್ಟು ಆರಲು ಬಿಡಿ.

ಗ್ಯಾಸ್ ಮುಗಿದಿದೆ, ಸೌದೆ ಒದ್ದೆ. ಆಗ ಏನು ಮಾಡುವುದು?

ಮೊದಲು ನೀರನ್ನು ತಿಳಿ ಮಾಡಿ. ಒಂದೆರಡು ಗಂಟೆ ಅಲ್ಲಾಡಿಸದೆ ಇಡಿ, ಮೇಲಿನ ತಿಳಿಯನ್ನು ಹಳೆಯ ಹತ್ತಿ ಸೀರೆಯ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ನಾಲ್ಕು ಮಡಿಕೆಯಾದರೂ ಮಾಡಬೇಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೀಗೆ ಹಳೆ ಸೀರೆಯಲ್ಲಿ ಸೋಸಿದ ನೀರು ಕುಡಿದವರಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು ಅಂತ 2003ರಲ್ಲಿ ವರದಿಯಾಗಿತ್ತು. ಹೊಸ ಬಟ್ಟೆಗಿಂತ ಒಗೆದು ಒಗೆದು ನೂಲು ಸಡಿಲವಾದ ಹಳೆಯದೇ ಚೆನ್ನಾಗಿ ಸೋಸುತ್ತದೆ. ಸೋಸಿದ ಮೇಲೆ ಬಟ್ಟೆ ತೊಳೆದು ಒಣಗಿಸಿ.

ಆಮೇಲೆ ಕ್ಲೋರಿನ್ ಮಾತ್ರೆ. ಇಲ್ಲೊಂದು ಎಚ್ಚರ ಬೇಕು. ಮಾತ್ರೆಗಳಲ್ಲಿ ಬೇರೆ ಬೇರೆ ಅಳತೆ ಇದೆ. ಒಂದು ಲೀಟರಿಗೆ ಒಂದು ಹಾಕುವುದೂ ಇದೆ, 20 ಲೀಟರಿಗೆ ಒಂದು ಹಾಕುವುದೂ ಇದೆ. ಪಟ್ಟಿಯ ಮೇಲೆ ಇರುವುದು ಇಂಗ್ಲಿಷ್, ಜೊತೆಗೆ ಕೊಡುವ ಚೀಟಿ ಹೆಚ್ಚಾಗಿ ಮಲಯಾಳಂ. ನಮ್ಮ ಮನೆಗಳ ಎಷ್ಟೋ ಹಿರಿಯರಿಗೆ ಎರಡೂ ಓದಲು ಬರುವುದಿಲ್ಲ, ಕಷ್ಟದ ದಿನ ಮನೆಯಲ್ಲಿ ಇರುವುದು ಅವರೇ. ಮಾತ್ರೆ ಕೈಗೆ ಬಂದ ದಿನವೇ ಗೊತ್ತಿದ್ದವರಿಂದ ಓದಿಸಿ, ಮಾರ್ಕರಿನಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆದುಬಿಡಿ: ‘ಒಂದು ಕೊಡಕ್ಕೆ ಇಷ್ಟು. ಅರ್ಧ ಗಂಟೆ ಬಿಟ್ಟು ಕುಡಿಯಿರಿ.’ ಕೊಡ ಎಷ್ಟು ಲೀಟರಿನದ್ದು ಅಂತ ಮೊದಲೇ ಅಳೆದು ನೋಡಿ.

ಮಾತ್ರೆ ಇಲ್ಲದಿದ್ದರೆ ಸುವಾಸನೆ, ಸೋಪು ಯಾವುದೂ ಬೆರೆಸದ 5ರಿಂದ 6 ಶೇಕಡಾದ ಬ್ಲೀಚ್ ದ್ರಾವಣ ಲೀಟರಿಗೆ 2 ಹನಿ, ನೀರು ಕಲಕಿದ್ದರೆ 4 ಹನಿ. ಅರ್ಧ ಗಂಟೆ ಬಿಡಿ. ಸಣ್ಣಗೆ ಕ್ಲೋರಿನ್ ವಾಸನೆ ಬಂದರೆ ಕೆಲಸ ಆಗಿದೆ ಅಂತ ಅರ್ಥ. ಪಾರದರ್ಶಕ ಬಾಟಲಿಯನ್ನು ಆರು ಗಂಟೆ ಬಿಸಿಲಿಗಿಡುವ ಉಪಾಯವೂ ಇದೆ. ಆಟಿಯ ಮಳೆಗೆ ಅಂಥ ಬಿಸಿಲು ಎಲ್ಲಿಂದ ಬರಬೇಕು? ಅದು ಬೇಸಗೆಗೆ ಇರಲಿ.

ಪಟಿಕ ಉಜ್ಜಿದರೆ ನೀರು ಕನ್ನಡಿ ಹಾಗೆ ಆಗ್ತದೆ. ಅದನ್ನು ಕುಡಿಯಬಹುದಲ್ಲ?

ಪಟಿಕ ಮಣ್ಣನ್ನು ತಳಕ್ಕೆ ಇಳಿಸುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ತಿಳಿಯಾದ ಮೇಲೆ ಕುದಿಸಬೇಕು, ಇಲ್ಲವೇ ಕ್ಲೋರಿನ್ ಹಾಕಬೇಕು.

ಮಾಡಿನಿಂದ ಬೀಳುವ ಮಳೆನೀರು ಶುದ್ಧ ಅಲ್ವಾ?

ಆಕಾಶದಿಂದ ಬೀಳುವಾಗ ಹೌದು. ಮಾಡಿಗೆ ತಾಗಿದ ಮೇಲೆ ಹಕ್ಕಿಯ ಹಿಕ್ಕೆ, ಪಾಚಿ, ತರಗೆಲೆ ಎಲ್ಲ ಸೇರುತ್ತದೆ. ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷದ ನೀರು ಬಿಟ್ಟುಬಿಡಿ, ಆಮೇಲೆ ಹಿಡಿದು ಸೋಸಿ ಕುದಿಸಿ. ಪಕ್ಕದ ತೋಟದಲ್ಲಿ ಆ ವಾರ ಮದ್ದು ಬಿಟ್ಟಿದ್ದರೆ ಮಾಡಿನ ನೀರು ಕುಡಿಯಲು ಬೇಡವೇ ಬೇಡ. ಕುದಿಸಿದರೆ ರೋಗಾಣು ಸಾಯುತ್ತದೆ, ವಿಷ ಹೋಗುವುದಿಲ್ಲ.

ಟೆರೇಸಿನ ಮೇಲೆ 1000 ಲೀಟರ್ ಟ್ಯಾಂಕ್ ಉಂಟಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬಹುದಾ?

ಖಂಡಿತ, ಎರಡು ಮಾತು ನೆನಪಿದ್ದರೆ. ಮಳೆಗೆ ಮೊದಲು ಟ್ಯಾಂಕಿನ ತಳದ ಕೆಸರು ತೆಗೆದು ತೊಳೆದಿರಬೇಕು. ನೆರೆ ಬರುವ ಲಕ್ಷಣ ಕಂಡರೆ ಟ್ಯಾಂಕ್ ತುಂಬಿಸಿ, ಮೇಲೆ ಹೋಗುವ ಪೈಪಿನ ವಾಲ್ವ್ ಮತ್ತು ಕೆಳಗೆ ಬರುವ ಪೈಪಿನ ವಾಲ್ವ್ ಎರಡನ್ನೂ ಮುಚ್ಚಿಬಿಡಿ. ಇಲ್ಲದಿದ್ದರೆ ಕರೆಂಟ್ ಬಂದ ಕೂಡಲೇ ಯಾರೋ ಪಂಪ್ ಹಾಕಿ ಕೆಟ್ಟ ಬಾವಿಯ ನೀರನ್ನು ಒಳ್ಳೆಯ ನೀರಿಗೆ ಸೇರಿಸಿಬಿಡುತ್ತಾರೆ. ಕುಡಿಯುವ ಮೊದಲು ಇದನ್ನೂ ಕುದಿಸಿ.

## ಬಾವಿಗೆ ನೆರೆ ನೀರು ನುಗ್ಗಿದ ಮೇಲೆ

ಹೊಳೆ ನೀರು ಬಾವಿಗೆ ಬಂದಿದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಕೈಗೆ ಬಂದಷ್ಟು ಹಾಕುವುದು ಎಲ್ಲರ ಅಭ್ಯಾಸ. ಒಮ್ಮೆ ಕಡಿಮೆ, ಒಮ್ಮೆ ವಾಸನೆಗೆ ಕುಡಿಯಲಾರದಷ್ಟು. ಲೆಕ್ಕ ಕಷ್ಟ ಇಲ್ಲ. ಹಿರಿಯರು ಬಾವಿಯ ಆಳವನ್ನು ಕೋಲಿನಲ್ಲಿ ಹೇಳುತ್ತಾರೆ, ಈ ಲೆಕ್ಕಕ್ಕೆ ಮೀಟರ್ ಟೇಪ್ ತನ್ನಿ. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ. ಅದನ್ನು ನೀರಿನ ಆಳದಿಂದ ಗುಣಿಸಿ. ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಅಗಲ 2 ಮೀಟರ್, ನೀರು 3 ಮೀಟರ್ ಇದ್ದರೆ 2×2×3×785, ಅಂದರೆ 9420 ಲೀಟರ್. ಸಾಮಾನ್ಯ ದಿನಗಳಲ್ಲಿ 1000 ಲೀಟರಿಗೆ 2.5 ಗ್ರಾಂ. ನೆರೆ ನುಗ್ಗಿದ ಬಾವಿಗೆ ಅದರ ಇಮ್ಮಡಿ, 5 ಗ್ರಾಂ. ಈ ಬಾವಿಗೆ ಹಾಗಾದರೆ 47 ಗ್ರಾಂ.

ಪೌಡರನ್ನು ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹಾಗೆ ಕಲಸಿ. ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಯ ಬಕೆಟಿಗೆ ಬಗ್ಗಿಸಿ, ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಎಳೆದು ಚೆನ್ನಾಗಿ ಕಲಕಿ. ಸಂಜೆ ಹಾಕಿ ಬೆಳಿಗ್ಗೆವರೆಗೆ ಬಿಡುವುದು ಒಳ್ಳೆಯದು. ಬಾಯಿಗೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕಕ್ಕಸು ತೊಳೆಯುವ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಹಿಂದಿನ ವರ್ಷದ್ದು ಗಂಟು ಕಟ್ಟಿ ವಾಸನೆ ಇಲ್ಲದೆ ಆಗಿದ್ದರೆ ಅದರಲ್ಲಿ ಶಕ್ತಿ ಉಳಿದಿಲ್ಲ, ಹೊಸದು ತನ್ನಿ.

ನೆರೆ ಇಳಿದ ಮರುದಿನವೇ ಪಂಪ್ ಇಟ್ಟು ಬಾವಿ ಬರಿದು ಮಾಡಲು ಹೋಗಬೇಡಿ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರು ಒಮ್ಮೆಲೇ ತೆಗೆದರೆ ಕಲ್ಲು ಕಟ್ಟದ ಬಾವಿ ಕುಸಿಯುತ್ತದೆ. ಎರಡು ಮೂರು ದಿನ ಕಾದು, ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಪರೀಕ್ಷೆ ಮಾಡಿಸುವವರೆಗೆ ಕುದಿಸದೆ ಕುಡಿಯಬೇಡಿ. ಬಾವಿಯಲ್ಲಿ ಕೊಳಚೆ ಸೇರಿದೆಯಾ ಅಂತ ನೋಡುವ ಸಣ್ಣ ಬಾಟಲಿಗಳೂ ಸಿಗುತ್ತವೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರು ಕೆಟ್ಟಿದೆ.

ನಮ್ಮದು ಉಪ್ಪಳದ ಕಡಲ ಬದಿ. ಬಾವಿ ಉಪ್ಪಾದರೆ ಬ್ಲೀಚಿಂಗ್ ಹಾಕಬಹುದಾ?

ಹಾಕಿದರೂ ಉಪ್ಪು ಹೋಗುವುದಿಲ್ಲ, ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ಉಪ್ಪು ತೆಗೆಯುತ್ತದೆ, ಆದರೆ ಅದಕ್ಕೆ ಕರೆಂಟ್ ಬೇಕು. ಚಂದ್ರಗಿರಿ ಹೊಳೆಯಲ್ಲಿ ಬೇಸಗೆಗೆ ಕಡಲ ನೀರು ಮೇಲೇರಿ, ಕಾಸರಗೋಡು ಪೇಟೆಯವರು ಎಷ್ಟೋ ವರ್ಷ ನಲ್ಲಿಯಲ್ಲಿ ಉಪ್ಪುನೀರು ಕುಡಿದದ್ದು ಎಲ್ಲರಿಗೂ ನೆನಪಿದೆ. ಕಡಲ ಬದಿಯವರಿಗೆ ಮೂರು ದಿನ ಸಾಲದು, ವಾರದ ನೀರನ್ನೇ ಇಡಿ. ಎತ್ತರದ ಜಾಗದ ಯಾವ ಬಾವಿಯಿಂದ ತರಬಹುದು ಅಂತ ಮೊದಲೇ ಮಾತಾಡಿಕೊಳ್ಳಿ.

ಬಾವಿ ನೀರು ಕುಡಿದರೆ ಮೆದುಳು ತಿನ್ನುವ ಅಮೀಬಾ ಬರ್ತದಾ?

2025ರಲ್ಲಿ ಕೇರಳದಲ್ಲಿ ಹಲವರಿಗೆ ಈ ಜ್ವರ ಬಂದ ಮೇಲೆ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಕುಡಿದರೆ ಬರುವುದಿಲ್ಲ. ಅಮೀಬಾ ಇರುವ ನೀರು ಮೂಗಿನೊಳಗೆ ಹೋದರೆ ಅಪಾಯ. ಪಾಚಿಗಟ್ಟಿದ ಕೆರೆಯಲ್ಲಿ ಮುಳುಗುವುದು, ಕುದಿಸದ ನೀರಿನಿಂದ ಮೂಗು ತೊಳೆಯುವುದು ಬೇಡ. ಬಾವಿಗೂ ಟ್ಯಾಂಕಿಗೂ ಕ್ಲೋರಿನ್ ಹಾಕುವುದು ಇದಕ್ಕೂ ಒಳ್ಳೆಯದು.

ಕುಡಿಯುವ ನೀರು ಮುಗಿದರೆ ಎಳನೀರು ಸಾಕಲ್ಲ? ಮನೆಯಲ್ಲಿ ಮಗುವೂ ಉಂಟು, ಅಪ್ಪನಿಗೆ ಕಿಡ್ನಿ ತೊಂದರೆಯೂ ಉಂಟು.

ದೊಡ್ಡವರಿಗೆ ಎಳನೀರು ಒಳ್ಳೆಯ ಆಸರೆ, ಕೆತ್ತುವ ತನಕ ಒಳಗೆ ಕೊಳೆ ಹೋಗುವುದಿಲ್ಲ. ಆದರೆ ಅಪ್ಪನಿಗೆ ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಸೋತವರಿಗೆ ಅದು ಹೃದಯಕ್ಕೇ ತೊಂದರೆ ಕೊಡಬಹುದು. ಮಗುವಿನ ಹಾಲಿನ ಪುಡಿಗೆ ಕುದಿಸಿದ ನೀರೇ ಆಗಬೇಕು. ಭೇದಿ ಶುರುವಾದರೆ, ಒಆರ್‌ಎಸ್ ಪ್ಯಾಕೆಟ್ ಇಲ್ಲದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಣ್ಣು ಗುಳಿಬಿದ್ದು, ಮೂತ್ರ ನಿಂತರೆ ಮನೆಯಲ್ಲಿ ಕಾಯಬೇಡಿ. ತುರ್ತಿಗೆ 112, ಜಿಲ್ಲೆಯ ನೆರೆ ಕಂಟ್ರೋಲ್ ರೂಮಿಗೆ 1077, ಆರೋಗ್ಯದ ಸಲಹೆಗೆ 1056.

ಹಟ್ಟಿಯಲ್ಲಿ ಎರಡು ದನ ಉಂಟು. ಅವಕ್ಕೂ ಕ್ಯಾನಿನಲ್ಲಿ ತುಂಬಿಸಿಡ್ಲಿಕ್ಕೆ ಆಗ್ತದಾ?

ಕರೆಯುವ ದನಕ್ಕೆ ದಿನಕ್ಕೆ 50 ಲೀಟರಿಗೂ ಜಾಸ್ತಿ ಬೇಕು, ಕ್ಯಾನಿನಲ್ಲಿ ಆಗುವ ಕೆಲಸ ಅಲ್ಲ. ಮಾಡಿನ ನೀರು ಹಿಡಿಯುವ ತೊಟ್ಟಿಯೊಂದನ್ನು ಹಟ್ಟಿಯ ಹತ್ತಿರವೇ ಇಡಿ. ಮೈಲುತುತ್ತಿನ ಡ್ರಮ್ ಅವಕ್ಕೂ ಬೇಡ. ನೆರೆ ನೀರು ಅಂಗಳಕ್ಕೆ ಬಂದರೆ ನಿಮ್ಮ ಬ್ಯಾಗ್ ಹುಡುಕುವ ಮೊದಲು ಅವುಗಳ ಹಗ್ಗ ಬಿಚ್ಚಿ, ಎತ್ತರಕ್ಕೆ ಬಿಟ್ಟುಬಿಡಿ.